ಫ∘ಗ ಸುಲಭ ಮಾಡಿದ ಮೇಲೂ ಹಳೇ ಡೊಮೇನ್ ಯಾಕೆ ಉಳಿಯುತ್ತೆ?

ಮಲೆನಾಡ_ಹುಡುಗಿ
ದ್ವಿತೀಯ ಪಿಯು ಲೆಕ್ಕ. ಕನ್ನಡ ಕೀಬೋರ್ಡ್ ಆದ್ದರಿಂದ ಎಫ್, ಜಿ, ಎಕ್ಸ್ ಬದಲು ಫ, ಗ, ಕ್ಷ ಅಂತ ಬರೀತೀನಿ.

ಫ(ಕ್ಷ) = ಕ್ಷ² + 1
ಗ(ಕ್ಷ) = √(ಕ್ಷ − 3)

(ಫ∘ಗ)(ಕ್ಷ) = (√(ಕ್ಷ − 3))² + 1 = ಕ್ಷ − 2 ಬಂತು. ಇದು ಬರೀ ಸರಳರೇಖೆ, ಕ್ಷ ಎಷ್ಟಿದ್ರೂ ನಡೆಯುತ್ತೆ. ಆದರೆ ಉತ್ತರದಲ್ಲಿ ಡೊಮೇನ್ (ಕ್ಷ ಜಾಗಕ್ಕೆ ಹಾಕಬಹುದಾದ ಸಂಖ್ಯೆಗಳು) [3, ∞), ಅಂದ್ರೆ 3 ಮತ್ತು ಅದಕ್ಕಿಂತ ದೊಡ್ಡವು ಮಾತ್ರ, ಅಂತ ಕೊಟ್ಟಿದ್ದಾರೆ. ವರ್ಗಮೂಲವೇ ಹೊರಟುಹೋದ ಮೇಲೆ ಅದರ ಷರತ್ತು ಯಾಕೆ ಉಳೀಬೇಕು? ಫಂಕ್ಷನ್‌ಗಳನ್ನ ಕೂಡಿ, ಗುಣಿಸಿ ಮಾಡುವಾಗಲೂ ಹೀಗೇನಾ?

ಲೆಕ್ಕದ_ಮೇಷ್ಟ್ರು
ಕ್ಷ ಜಾಗಕ್ಕೆ 0 ಹಾಕಿ ನೋಡಮ್ಮ. ಫ∘ಗ ಅಂದರೆ ಮೊದಲು ಕೆಲಸ ಮಾಡೋದು ಗ. ಗ(0) = √(−3); ವಾಸ್ತವ ಸಂಖ್ಯೆಗಳಲ್ಲಿ ಅದಕ್ಕೆ ಬೆಲೆಯಿಲ್ಲ. ಫ ಕೈಗೆ ಕೊಡೋಕೆ ಸಂಖ್ಯೆಯೇ ಇಲ್ಲ ಅಂದಮೇಲೆ ಅದು ಯಾವುದನ್ನು ವರ್ಗ ಮಾಡಬೇಕು? ಕೊನೆಯ ಸಾಲಿನಲ್ಲಿ ಕ್ಷ − 2 ಚೆಂದ ಕಾಣುತ್ತೆ, ಆದರೆ 0 ಅಲ್ಲಿಯವರೆಗೆ ತಲುಪೋದೇ ಇಲ್ಲ.

ಫ∘ಗ ಡೊಮೇನ್‌ಗೆ ಷರತ್ತು ಎರಡು. ಕ್ಷ ಅನ್ನೋದು ಗ ಡೊಮೇನ್‌ನಲ್ಲಿರಬೇಕು, ಗ(ಕ್ಷ) ಬೆಲೆ ಫ ಡೊಮೇನ್‌ನಲ್ಲಿರಬೇಕು. ನಿನ್ನ ಲೆಕ್ಕದಲ್ಲಿ ಫ ಯಾವ ಸಂಖ್ಯೆಯನ್ನಾದರೂ ತಗೊಳ್ಳುತ್ತೆ, ಹಾಗಾಗಿ ಎರಡನೆಯದು ತಾನಾಗಿಯೇ ಸರಿ. ಉಳಿದದ್ದು ಕ್ಷ ≥ 3. ಅದರ ಜೊತೆ ರೇಂಜ್ (ಹೊರಬರುವ ಬೆಲೆಗಳು) ಕೂಡ ಬದಲಾಗುತ್ತೆ ಅನ್ನೋದನ್ನ ಗಮನಿಸು: ಇಡೀ ರೇಖೆಯಲ್ಲ, [1, ∞) ಮಾತ್ರ. ಚಿತ್ರ ಬರೆದರೆ (3, 1) ಬಿಂದುವಿನಿಂದ ಶುರುವಾಗಿ ಮೇಲಕ್ಕೆ ಹೋಗುವ ಕಿರಣ.

ಗ∘ಫ ಮಾಡಿದರೆ √(ಕ್ಷ² − 2). ಅಲ್ಲಿ ಮೊದಲ ಷರತ್ತು ಸುಮ್ಮನಿರುತ್ತೆ, ಎರಡನೆಯದು ಕೆಲಸ ಮಾಡುತ್ತೆ: ಕ್ಷ² + 1 ≥ 3, ಅಂದರೆ ಕ್ಷ ≥ √2 ಅಥವಾ ಕ್ಷ ≤ −√2.

ಸಿಇಟಿ_ತಯಾರಿ
ಡೊಮೇನ್ ಮೊದಲು ಬರೆದಿಟ್ಟುಕೊಳ್ಳಿ, ಆಮೇಲೆ ಸುಲಭ ಮಾಡಿ. ಈ ಕ್ರಮ ತಪ್ಪಿದರೆ ಆಯ್ಕೆಗಳಲ್ಲಿ ತಪ್ಪು ಉತ್ತರವೂ ರೆಡಿ ಇರುತ್ತೆ.

ಶೂನ್ಯಬಿಂದು
ಮೇಷ್ಟ್ರ ಉದಾಹರಣೆಯಲ್ಲಿ ಒಂದು ಸಲಕ್ಕೆ ಒಂದೇ ಷರತ್ತು ಕಚ್ಚಿತು. ಎರಡೂ ಕಚ್ಚುವಂಥದ್ದನ್ನ ಮಾಡಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.

ಫ(ಕ್ಷ) = 1/(ಕ್ಷ − 2), ಗ(ಕ್ಷ) = 1/ಕ್ಷ.

ಫ(ಗ(ಕ್ಷ)) = 1/(1/ಕ್ಷ − 2). ಮೇಲೆ ಕೆಳಗೆ ಕ್ಷ ಇಂದ ಗುಣಿಸಿದರೆ ಕ್ಷ/(1 − 2ಕ್ಷ). ಈ ರೂಪ ಮಾತ್ರ ನೋಡಿದವರು ಕ್ಷ ≠ 1/2 ಅಂತ ಬರೆದು ಮುಗಿಸ್ತಾರೆ. ಅದು ಎರಡನೇ ಷರತ್ತಿನಿಂದ ಬಂದದ್ದು (1/ಕ್ಷ ಬೆಲೆ 2 ಆಗಬಾರದು). ಮೊದಲ ಷರತ್ತಿನ ಕ್ಷ ≠ 0 ಕಾಣೆಯಾಗಿದೆ. ಕ್ಷ ಇಂದ ಗುಣಿಸುವ ಹೆಜ್ಜೆಯಲ್ಲೇ ಅದು ಅಳಿಸಿಹೋಯಿತು. ಸರಿಯಾದ ಗ್ರಾಫ್‌ನಲ್ಲಿ (0, 0) ಬಿಂದುವಿನಲ್ಲಿ ಖಾಲಿ ವೃತ್ತ ಇರಬೇಕು.

ಕೋಡ್_ಕೆಲಸ
ಇದು ಸುಮ್ಮನೆ ನಿಯಮಕ್ಕಾಗಿ ನಿಯಮ ಅನ್ನಿಸ್ತಿದೆ. ಕ್ಷ − 2 ಅಂತ ಸೂತ್ರ ಸಿಕ್ಕಮೇಲೆ ಅದನ್ನೇ ಎಲ್ಲ ಕಡೆ ಬಳಸಿದ್ರೆ ಏನು ನಷ್ಟ?

ಶೂನ್ಯಬಿಂದು
ಬಳಸಬಹುದು, ಆದರೆ ಅದು ಬೇರೆ ಫಂಕ್ಷನ್ ಆಗುತ್ತೆ. ಎರಡು ಫಂಕ್ಷನ್ ಸಮ ಅನ್ನಬೇಕಾದ್ರೆ ಡೊಮೇನ್ ಒಂದೇ ಇರಬೇಕು, ಅಲ್ಲಿನ ಪ್ರತಿ ಕ್ಷ ಗೂ ಬೆಲೆ ಒಂದೇ ಬರಬೇಕು. ಸೂತ್ರ ಒಂದೇ ಥರ ಕಂಡರೆ ಸಾಲದು. ನಷ್ಟ ಎಲ್ಲಿ ಅಂದರೆ ಸಮೀಕರಣ ಬಿಡಿಸುವಾಗ. ಮೇಲಿನ ಲೆಕ್ಕದಲ್ಲಿ ಫ∘ಗ = 0 ಆಗುವ ಕ್ಷ ಯಾವುದು ಅಂತ ಕೇಳಿದರೆ ಕ್ಷ − 2 = 0, ಕ್ಷ = 2 ಅಂತ ಬರೀತೀರಿ. 2 ಅನ್ನು ಗ ಒಳಗೆ ಹಾಕಿದರೆ √(−1). ಉತ್ತರವೇ ಇಲ್ಲದ ಸಮೀಕರಣಕ್ಕೆ ಉತ್ತರ ಹುಟ್ಟಿಸಿದ ಹಾಗಾಯ್ತು.

ಲಾಗ್‌ನಲ್ಲಿ ಇದು ದಿನಾ ನಡೆಯುತ್ತೆ. ಲಾಗ್ ಕ್ಷ + ಲಾಗ್(ಕ್ಷ − 2) ಡೊಮೇನ್ ಕ್ಷ > 2. ಒಟ್ಟು ಮಾಡಿ ಲಾಗ್(ಕ್ಷ(ಕ್ಷ − 2)) ಅಂತ ಬರೆದ ತಕ್ಷಣ ಕ್ಷ < 0 ಕೂಡ ಒಳಗೆ ನುಗ್ಗಿತು. ಋಣ ಉತ್ತರವೊಂದು ಬಂದು ಕೂತಿದ್ದರೆ ಅದು ಬಂದದ್ದು ಈ ಬಾಗಿಲಿಂದ.

ಲೆಕ್ಕದ_ಮೇಷ್ಟ್ರು
ಕೂಡೋದು, ಗುಣಿಸೋದರ ಬಗ್ಗೆಯೂ ಕೇಳಿದ್ದಳಲ್ಲ ಹುಡುಗಿ. ಫ + ಗ, ಫ − ಗ, ಫ·ಗ ಮೂರಕ್ಕೂ ಡೊಮೇನ್ ಎರಡರ ಛೇದನ, ಅಂದರೆ ಎರಡೂ ಡೊಮೇನ್‌ನಲ್ಲಿರುವ ಸಂಖ್ಯೆಗಳು. ಫ/ಗ ಗೆ ಅದರಲ್ಲಿ ಗ(ಕ್ಷ) = 0 ಆಗುವ ಜಾಗಗಳನ್ನು ಮತ್ತೆ ತೆಗೆಯಬೇಕು. √(ಕ್ಷ + 2) ಮತ್ತು √(5 − ಕ್ಷ) ತಗೊಂಡರೆ ಮೊತ್ತದ ಡೊಮೇನ್ [−2, 5], ಭಾಗಾಕಾರದ್ದು [−2, 5). ಕಾಂಪೋಸಿಷನ್‌ಗೆ (ಫ∘ಗ ಥರ ಒಂದರೊಳಗೆ ಒಂದಿಡೋದಕ್ಕೆ) ಮಾತ್ರ ಛೇದನ ಹಾಕಬೇಡ. ಅಲ್ಲಿ ಎರಡನೇ ಫಂಕ್ಷನ್‌ಗೆ ಸಿಗೋದು ಕ್ಷ ಅಲ್ಲ, ಗ(ಕ್ಷ). ಉತ್ತರ ಪತ್ರಿಕೆಗಳಲ್ಲಿ ಹೆಚ್ಚು ಅಂಕ ಹೋಗೋದು ಈ ಎರಡನ್ನ ಬೆರೆಸಿದಾಗಲೇ.

ಮಲೆನಾಡ_ಹುಡುಗಿ
ಹಾಗಾದ್ರೆ √ಕ್ಷ·√ಕ್ಷ = ಕ್ಷ ಅನ್ನೋದು ಕ್ಷ ≥ 0 ಇದ್ದಾಗ ಮಾತ್ರ. √(ಕ್ಷ²) ಗೆ ಎಲ್ಲ ಕ್ಷ ನಡೆಯುತ್ತೆ, ಆದ್ರೆ ಉತ್ತರ |ಕ್ಷ|. ಸರೀನಾ ಸರ್?

ಲೆಕ್ಕದ_ಮೇಷ್ಟ್ರು
ಪೂರ್ತಿ ಸರಿ. ಅದೇ ಎರಡು ಫಂಕ್ಷನ್, ಕ್ರಮ ಮಾತ್ರ ಬೇರೆ: ವರ್ಗ∘ಮೂಲ ಒಂದು, ಮೂಲ∘ವರ್ಗ ಇನ್ನೊಂದು.

ಅಂಗಡಿ_ಲೆಕ್ಕ
ಕ್ರಮದ ಮಾತು ಬಂದಿದ್ದಕ್ಕೆ ಬಿಲ್ಲಿನ ಲೆಕ್ಕ ಹೇಳ್ತೀನಿ. 2000 ರೂಪಾಯಿ ವಸ್ತು, ಶೇ 10 ರಿಯಾಯಿತಿ, ಜೊತೆಗೆ 200 ರೂಪಾಯಿ ಕೂಪನ್. ಮೊದಲು ಶೇಕಡಾ ಕಳೆದರೆ 1800, ಆಮೇಲೆ ಕೂಪನ್, 1600. ಮೊದಲು ಕೂಪನ್ ಹಾಕಿದರೆ 1800, ಅದರ ಶೇ 10 ಹೋಗಿ 1620. ಒಂದು ಕಡೆ 0.9ಕ್ಷ − 200, ಇನ್ನೊಂದು ಕಡೆ 0.9(ಕ್ಷ − 200) = 0.9ಕ್ಷ − 180. ಬೆಲೆ ಎಷ್ಟೇ ಇರಲಿ, ವ್ಯತ್ಯಾಸ 20 ರೂಪಾಯಿ.

ಜಿಎಸ್‌ಟಿಯಲ್ಲೂ ಅಷ್ಟೇ. ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿಯನ್ನು ಕಳೆದು ಉಳಿದದ್ದಕ್ಕೆ ತೆರಿಗೆ. ಶೇ 18 ಆದರೆ 1.18(ಕ್ಷ − 200) = 1.18ಕ್ಷ − 236. ತೆರಿಗೆ ಹಾಕಿದ ಮೇಲೆ 200 ಕಳೆದರೆ 1.18ಕ್ಷ − 200. ಗ್ರಾಹಕರಿಗೆ 36 ರೂಪಾಯಿ ಹೆಚ್ಚು ಬೀಳುತ್ತೆ. ರಿಯಾಯಿತಿ ಶೇಕಡಾದಲ್ಲಿದ್ದರೆ ಮೊದಲು ಆಮೇಲೆ ಅನ್ನೋದು ಲೆಕ್ಕಕ್ಕಿಲ್ಲ, 1.18 × 0.9 ಹೇಗೆ ಗುಣಿಸಿದರೂ 1.062.

ಕೋಡ್_ಕೆಲಸ
ರೌಂಡ್ ಮಾಡೋದು ಸೇರಿದ್ರೆ ಶೇಕಡಾ ಕೂಡ ಕೈಕೊಡುತ್ತೆ. 10.40ರ ಮೂರು ವಸ್ತು: ಒಟ್ಟು ಮಾಡಿ ರೌಂಡ್ ಮಾಡಿದ್ರೆ 31.20 → 31. ಒಂದೊಂದನ್ನೇ ರೌಂಡ್ ಮಾಡಿ ಕೂಡಿದ್ರೆ 30. ಸ್ಪ್ರೆಡ್‌ಶೀಟ್‌ನಲ್ಲಿ ರೌಂಡ್ ಒಳಗಿದೆಯೋ ಹೊರಗಿದೆಯೋ ಅಂತ ಮೊದಲು ನೋಡಿ.

ಸಿಇಟಿ_ತಯಾರಿ
ಹಾಗಾದ್ರೆ ಫ∘ಗ = ಗ∘ಫ ಯಾವಾಗ ಆಗುತ್ತೆ? ಏನಾದ್ರೂ ಪರೀಕ್ಷೆ ಇದೆಯಾ?

ಶೂನ್ಯಬಿಂದು
ಅ·ಕ್ಷ + ಬ ಥರದವಕ್ಕೆ ಇದೆ. ಫ(ಕ್ಷ) = ಅ·ಕ್ಷ + ಬ, ಗ(ಕ್ಷ) = ಕ·ಕ್ಷ + ಡ ಇರಲಿ.

ಫ∘ಗ = ಅಕ·ಕ್ಷ + ಅಡ + ಬ
ಗ∘ಫ = ಅಕ·ಕ್ಷ + ಕಬ + ಡ

ಕ್ಷ ಇರುವ ಪದ ಎರಡರಲ್ಲೂ ಒಂದೇ. ಜಗಳ ಸ್ಥಿರಾಂಕದ್ದು: ಅಡ + ಬ = ಕಬ + ಡ. ಹೊಂದಿಸಿ ಬರೆದರೆ ಡ(ಅ − 1) = ಬ(ಕ − 1). ಅ, ಕ ಎರಡೂ 1 ಅಲ್ಲದಿದ್ದರೆ ಬ/(1 − ಅ) = ಡ/(1 − ಕ). ಇವು ಎರಡೂ ಫಂಕ್ಷನ್‌ಗಳ ಸ್ಥಿರ ಬಿಂದುಗಳು, ಅಂದರೆ ಫ(ಕ್ಷ) = ಕ್ಷ ಆಗುವ ಜಾಗ. ಸ್ಥಿರ ಬಿಂದು ಒಂದೇ ಆದರೆ ಕ್ರಮ ಬದಲಿಸಬಹುದು, ಇಲ್ಲದಿದ್ದರೆ ಇಲ್ಲ. ಅಂಗಡಿ ಲೆಕ್ಕದ ಕೂಪನ್ ಕ್ಷ − 200. ಅದು ಪ್ರತಿ ಸಂಖ್ಯೆಯನ್ನೂ ಸರಿಸುತ್ತೆ, ಸ್ಥಿರ ಬಿಂದುವೇ ಇಲ್ಲ. 0.9ಕ್ಷ ಗೆ 0 ಸ್ಥಿರ. ಹಾಗಾಗಿ ಅವೆರಡೂ ಎಂದಿಗೂ ಹೊಂದಲ್ಲ.

ಸಿಇಟಿ_ತಯಾರಿ
ಸೂಪರ್. ಸ್ಥಿರ ಬಿಂದು ಒಂದೇ ಇದ್ರೆ ಸಾಕು ಅಂತ ಎಲ್ಲದಕ್ಕೂ ಹಾಕಿಬಿಡಬಹುದು.

ಲೆಕ್ಕದ_ಮೇಷ್ಟ್ರು
ಬೇಡಪ್ಪ, ಹಾಗೆ ಮಾಡಬೇಡ. ಅದು ಸರಳರೇಖೆಗಳಿಗೆ ಮಾತ್ರ. 2ಕ್ಷ ಮತ್ತು ಕ್ಷ² ತಗೋ. 0 ಎರಡಕ್ಕೂ ಸ್ಥಿರ. ಆದರೆ ಒಂದು ಕಡೆ (2ಕ್ಷ)² = 4ಕ್ಷ², ಇನ್ನೊಂದು ಕಡೆ 2ಕ್ಷ². ಕ್ಷ² ಮತ್ತು ಕ್ಷ³ ಹೊಂದುತ್ತವೆ, ಎರಡೂ ಕಡೆ ಕ್ಷ⁶. ಸಾಮಾನ್ಯ ಪರೀಕ್ಷೆ ಅಂತ ಇಲ್ಲ, ಎರಡನ್ನೂ ಬಿಡಿಸಿ ನೋಡೋದೇ ದಾರಿ. ಹೊಂದಲ್ಲ ಅಂತ ತೋರಿಸೋಕೆ ಒಂದೇ ಒಂದು ಕ್ಷ ಬೆಲೆ ಸಾಕು. ಹೊಂದುತ್ತೆ ಅನ್ನೋಕೆ ಎಲ್ಲ ಕ್ಷ ಗೂ ತೋರಿಸಬೇಕು.

ನಕ್ಷೆಗಾರ
ಕ್ರಮ ತಪ್ಪಿದರೆ ಗ್ರಾಫ್‌ನಲ್ಲೂ ಎಡವಟ್ಟು. ಯ = ಫ(ಕ್ಷ) ಚಿತ್ರ ಕೊಟ್ಟು ಯ = ಫ(2ಕ್ಷ + 4) ಬರೆಯಿರಿ ಅಂತಾರೆ. ಬಹಳ ಜನ ಅಡ್ಡಕ್ಕೆ ಅರ್ಧ ಮಾಡಿ ಆಮೇಲೆ 4 ಎಡಕ್ಕೆ ಸರಿಸ್ತಾರೆ. ತಪ್ಪು. ಹಳೇ ಚಿತ್ರದಲ್ಲಿ ಬಿಂದು (6, 5) ಇದೆ ಅನ್ನಿ. ಹೊಸದರಲ್ಲಿ 5 ಬೆಲೆ ಬರಬೇಕಾದರೆ 2ಕ್ಷ + 4 = 6, ಅಂದರೆ ಕ್ಷ = 1. ಅರ್ಧ ಮಾಡಿ 4 ಸರಿಸಿದರೆ 3 − 4 = −1 ಗೆ ಹೋಗಿ ಬೀಳ್ತೀರಿ.

ಸರಿಯಾದದ್ದು: ಮೊದಲು 4 ಎಡಕ್ಕೆ (6 → 2), ಆಮೇಲೆ ಅರ್ಧ (2 → 1). ಅಥವಾ 2(ಕ್ಷ + 2) ಅಂತ ಬರೆದುಕೊಂಡು ಮೊದಲು ಅರ್ಧ (6 → 3), ಆಮೇಲೆ 2 ಎಡಕ್ಕೆ (3 → 1). ಫ ಹೊರಗಿನ ಬದಲಾವಣೆಗೆ, 3ಫ(ಕ್ಷ) + 1 ಥರದ್ದಕ್ಕೆ, ಈ ತಲೆಬಿಸಿ ಇಲ್ಲ. ಬರೆದ ಹಾಗೇ ಮೂರರಿಂದ ಗುಣಿಸಿ 1 ಮೇಲಕ್ಕೆ ಎತ್ತಿದರಾಯ್ತು. ಒಳಗಿನದು ಕ್ಷ ಅನ್ನು ಬದಲಿಸುತ್ತೆ, ಹಾಗಾಗಿ ಬಿಂದುವನ್ನು ಸರಿಸೋದು ಅದರ ಇನ್ವರ್ಸ್ (ಮಾಡಿದ್ದನ್ನು ಹಿಂದಕ್ಕೆ ಬಿಚ್ಚುವ ಫಂಕ್ಷನ್).

ಮಲೆನಾಡ_ಹುಡುಗಿ
ಇನ್ವರ್ಸ್‌ನಲ್ಲಿ ಕ್ರಮ ಯಾಕೆ ತಿರುಗುತ್ತೆ ಅನ್ನೋದೂ ಅರ್ಥ ಆಗಿಲ್ಲ. (ಫ∘ಗ)⁻¹ = ಗ⁻¹∘ಫ⁻¹ ಅಂತ ಬಾಯಿಪಾಠ ಮಾಡಿದ್ದೀನಿ ಅಷ್ಟೆ.

ಅಂಗಡಿ_ಲೆಕ್ಕ
ಮನೆ ಬಾಗಿಲಿಗೆ ಬೀಗ ಹಾಕಿ ಆಮೇಲೆ ಗೇಟಿಗೆ ಹಾಕ್ತೀರಿ. ವಾಪಸ್ ಬಂದಾಗ ಮೊದಲು ತೆಗೆಯೋದು ಗೇಟಿನ ಬೀಗ.

ಇನ್ವರ್ಸ್ ಅಂದಕೂಡಲೇ ಚಿಹ್ನೆ ಬದಲಿಸೋ ಅಭ್ಯಾಸವೂ ಬೇಡ. ಶೇ 18 ತೆರಿಗೆ ಸೇರಿ 1180 ಆಗಿದ್ರೆ ಮೂಲ ಬೆಲೆಗೆ 1180 ÷ 1.18 = 1000. ಶೇ 18 ಕಳೆದರೆ 967.60 ಬರುತ್ತೆ. ×1.18ರ ಇನ್ವರ್ಸ್ ÷1.18, ×0.82 ಅಲ್ಲ.

ಹಳೆಗಣಿತ
ಹಿಂದಿನಿಂದ ಬಿಚ್ಚುವ ಈ ವಿಧಾನ ನಮ್ಮಲ್ಲಿ ಬಹಳ ಹಳೆಯದು. ಕ್ರಿ.ಶ. 499ರ ಆರ್ಯಭಟೀಯದ ಗಣಿತಪಾದದಲ್ಲಿ ಒಂದು ಶ್ಲೋಕವೇ ಇದೆ: ವಿಪರೀತ ಕ್ರಮದಲ್ಲಿ ಗುಣಕಾರ ಭಾಗಾಕಾರವಾಗುತ್ತದೆ, ಭಾಗಾಕಾರ ಗುಣಕಾರವಾಗುತ್ತದೆ, ಕೂಡಿದ್ದು ಕಳೆಯುವುದಾಗುತ್ತದೆ, ಕಳೆದದ್ದು ಕೂಡುವುದಾಗುತ್ತದೆ. ಭಾಸ್ಕರಾಚಾರ್ಯರು 1150ರ ಲೀಲಾವತಿಯಲ್ಲಿ ವರ್ಗ ಮತ್ತು ಮೂಲವನ್ನೂ ಸೇರಿಸಿದ್ದಾರೆ. ಅಲ್ಲಿನ ಲೆಕ್ಕವೊಂದು ಒಂಬತ್ತು ಫಂಕ್ಷನ್‌ಗಳ ಕಾಂಪೋಸಿಷನ್ ಅಂತಲೇ ಓದಬಹುದು:

ಒಂದು ಸಂಖ್ಯೆಯನ್ನು 3ರಿಂದ ಗುಣಿಸಿ, ಬಂದದ್ದಕ್ಕೆ ಅದರ ಮುಕ್ಕಾಲು ಭಾಗ ಕೂಡಿ, 7ರಿಂದ ಭಾಗಿಸಿ, ಬಂದದ್ದರಲ್ಲಿ ಮೂರನೇ ಒಂದು ಭಾಗ ಕಳೆದು, ವರ್ಗ ಮಾಡಿ, 52 ಕಳೆದು, ವರ್ಗಮೂಲ ತೆಗೆದು, 8 ಕೂಡಿ, 10ರಿಂದ ಭಾಗಿಸಿದರೆ 2. ಸಂಖ್ಯೆ ಯಾವುದು?

ಹಿಂದಿನಿಂದ ಬನ್ನಿ. 2 × 10 = 20. 20 − 8 = 12. 12² = 144. 144 + 52 = 196. ಮೂಲ 14. ಮೂರನೇ ಒಂದು ಭಾಗ ಕಳೆಯುವುದೆಂದರೆ 2/3ರಿಂದ ಗುಣಿಸುವುದು, ಹಾಗಾಗಿ 14 × 3/2 = 21. 21 × 7 = 147. ಮುಕ್ಕಾಲು ಕೂಡುವುದೆಂದರೆ 7/4ರಿಂದ ಗುಣಿಸುವುದು, 147 × 4/7 = 84. 84 ÷ 3 = 28.

ಎಡವುವ ಜಾಗ ಭಿನ್ನರಾಶಿಗಳದ್ದೇ. 14ಕ್ಕೆ ಅದರ ಮೂರನೇ ಒಂದು ಭಾಗ ಕೂಡಿದರೆ 21 ಬರುವುದಿಲ್ಲ. ಈಗಷ್ಟೇ ಹೇಳಿದ ಜಿಎಸ್‌ಟಿ ತಪ್ಪೂ ಇದೇ ಜಾತಿಯದು.

ಶೂನ್ಯಬಿಂದು
ಅದ್ಭುತ ಲೆಕ್ಕ. ಒಂದು ಸೇರ್ಪಡೆ: −28 ಕೂಡ ಉತ್ತರ! −84, −147, −21, −14, ವರ್ಗ 196, ಅಲ್ಲಿಂದ ಮುಂದೆ ಎಲ್ಲ ಒಂದೇ. 196ಕ್ಕೆ ಹಿಂದಕ್ಕೆ ಹೋಗುವಾಗ 14, −14 ಎರಡು ದಾರಿ ಇವೆ. ವರ್ಗ ಮಾಡೋದು ಒನ್-ಒನ್ (ಬೇರೆ ಬೇರೆ ಸಂಖ್ಯೆಗೆ ಬೇರೆ ಬೇರೆ ಬೆಲೆ) ಅಲ್ಲ, ಹಾಗಾಗಿ ಇಡೀ ಸರಪಳಿಗೆ ಇನ್ವರ್ಸ್ ಫಂಕ್ಷನ್ ಇಲ್ಲ. ಧನ ಸಂಖ್ಯೆಗಳಿಗೆ ಡೊಮೇನ್ ಸೀಮಿತ ಮಾಡಿದರೆ ಮಾತ್ರ 28 ಒಂದೇ ಉತ್ತರ. ವರ್ಗಮೂಲದ ಹೆಜ್ಜೆಯಲ್ಲಿ ಈ ತೊಂದರೆ ಇಲ್ಲ. √ ಋಣ ಬೆಲೆ ಕೊಡೋದೇ ಇಲ್ಲ, 12ರಿಂದ ಹಿಂದಕ್ಕೆ 144 ಒಂದೇ.

ಹಳೆಗಣಿತ
ಒಪ್ಪಿದೆ. ಲೀಲಾವತಿಯ ಉತ್ತರ 28 ಮಾತ್ರ.

ಸಿಇಟಿ_ತಯಾರಿ
ಇನ್ನೊಂದು ಮಾದರಿ: ಫ∘ಗ ಕೊಟ್ಟು ಫ ಹುಡುಕಿ ಅನ್ನೋದು. ಗ(ಕ್ಷ) = 2ಕ್ಷ + 3, ಫ(ಗ(ಕ್ಷ)) = 4ಕ್ಷ² + 12ಕ್ಷ + 5. ಕ್ಷ = (ತ − 3)/2 ಅಂತ ಹಾಕಿ ಬಿಡಿಸಿದ್ರೆ ಅರ್ಧ ಪುಟ. ಬೇಗ ಆಗೋ ದಾರಿ ಇದೆಯಾ?

ಲೆಕ್ಕದ_ಮೇಷ್ಟ್ರು
ಗ ಅನ್ನೇ ಕಟ್ಟಿಕೊಂಡು ಹೋಗು. (2ಕ್ಷ + 3)² = 4ಕ್ಷ² + 12ಕ್ಷ + 9. ನಿನಗೆ ಬೇಕಾದ್ದು 5, ಹಾಗಾದರೆ ಅದರಿಂದ 4 ಕಡಿಮೆ. ಫ(ತ) = ತ² − 4. ಮುಗೀತು.

ಗ ಹುಡುಕುವುದಾದರೆ ಇನ್ನೂ ನೇರ. ಫ(ಕ್ಷ) = 2ಕ್ಷ + 3, ಫ(ಗ(ಕ್ಷ)) = 6ಕ್ಷ − 1 ಅಂದರೆ 2ಗ(ಕ್ಷ) + 3 = 6ಕ್ಷ − 1, ಗ(ಕ್ಷ) = 3ಕ್ಷ − 2.

ಶೂನ್ಯಬಿಂದು
ಅಲ್ಲೊಂದು ಎಚ್ಚರಿಕೆ ಬೇಕು ಮೇಷ್ಟ್ರೇ. ಗ(ಕ್ಷ) = ಕ್ಷ², ಫ(ಗ(ಕ್ಷ)) = ಕ್ಷ⁴ + 1 ಅಂತ ಕೊಟ್ಟರೆ ಎಲ್ಲರೂ ಫ(ತ) = ತ² + 1 ಅಂತಾರೆ. ತ ≥ 0 ಇದ್ದಾಗ ಮಾತ್ರ ಅಷ್ಟು ಗೊತ್ತು. ಋಣ ಸಂಖ್ಯೆ ಗ ಇಂದ ಬರೋದೇ ಇಲ್ಲ, ಹಾಗಾಗಿ ಫ(−3) ಎಷ್ಟು ಅಂತ ಕೇಳಿದರೆ ಈ ಮಾಹಿತಿಯಿಂದ ಹೇಳೋಕಾಗಲ್ಲ. 10 ಇದ್ದರೂ ಸರಿ, 700 ಇದ್ದರೂ ಸರಿ. ಫ ಪಾಲಿನಾಮಿಯಲ್ ಅಂತ ಹೇಳಿದ್ದರೆ ಆಗ 10 ಖಚಿತ.

ಲೆಕ್ಕದ_ಮೇಷ್ಟ್ರು
ಸರಿಯಾದ ಮಾತು. 2ಕ್ಷ + 3 ಎಲ್ಲ ವಾಸ್ತವ ಸಂಖ್ಯೆಗಳನ್ನೂ ಮುಟ್ಟುತ್ತೆ, ಆನ್‌ಟು, ಅದಕ್ಕೇ ಅಲ್ಲಿ ಫ ಪೂರ್ತಿ ಸಿಕ್ಕಿತು.

ಇದಕ್ಕೇ ಅಂಟಿಕೊಂಡ ಸಿದ್ಧಾಂತದ ಪ್ರಶ್ನೆ ಪರೀಕ್ಷೆಗೆ ಬರುತ್ತೆ. ಗ∘ಫ ಒನ್-ಒನ್ ಆದರೆ ಒಳಗಿನ ಫ ಒನ್-ಒನ್ ಆಗಲೇಬೇಕು, ಗ ಆಗಬೇಕಿಲ್ಲ: ಸ್ವಾಭಾವಿಕ ಸಂಖ್ಯೆಯನ್ನು ಹಾಗೇ ಪೂರ್ಣಾಂಕ ಅಂತ ಕಳಿಸೋದು ಫ, |ಕ್ಷ| ಅನ್ನೋದು ಗ. ಗ∘ಫ ಆನ್‌ಟು ಆದರೆ ಹೊರಗಿನ ಗ ಆನ್‌ಟು ಆಗಲೇಬೇಕು, ಫ ಆಗಬೇಕಿಲ್ಲ: ಸ್ವಾಭಾವಿಕ ಸಂಖ್ಯೆಗಳ ಮೇಲೆ ಫ(ಕ್ಷ) = ಕ್ಷ + 1; 1 ಬಿಟ್ಟು ಉಳಿದವಕ್ಕೆ ಗ(ಕ್ಷ) = ಕ್ಷ − 1, ಗ(1) = 1. ಫ ಗೆ 1 ಸಿಗೋದೇ ಇಲ್ಲ, ಆದರೂ ಗ∘ಫ ಎಲ್ಲವನ್ನೂ ಮುಟ್ಟುತ್ತೆ.

ನಕ್ಷೆಗಾರ
ಸಮ-ಬೆಸ ಫಂಕ್ಷನ್‌ನಲ್ಲೂ (ಸಮ ಅಂದ್ರೆ ಫ(−ಕ್ಷ) = ಫ(ಕ್ಷ), ಬೆಸ ಅಂದ್ರೆ ಫ(−ಕ್ಷ) = −ಫ(ಕ್ಷ)) ಗುಣಾಕಾರ ಮತ್ತು ಕಾಂಪೋಸಿಷನ್ ಬೆರೆಸಬೇಡಿ. ಬೆಸ × ಬೆಸ = ಸಮ, ಆದ್ರೆ ಬೆಸ∘ಬೆಸ = ಬೆಸ. ಕ್ಷ³ ಮತ್ತು ಕ್ಷ⁵ ಗುಣಿಸಿದ್ರೆ ಕ್ಷ⁸, ಒಂದರೊಳಗೆ ಒಂದಿಟ್ಟರೆ ಕ್ಷ¹⁵. ಒಳಗಿನದು ಸಮ ಆಗಿದ್ರೆ ಹೊರಗೆ ಏನೇ ಇರಲಿ, ಒಟ್ಟು ಸಮ.

ಕೋಡ್_ಕೆಲಸ
ಚಿಹ್ನೆ ಬಗ್ಗೆ ನನ್ನದೊಂದು ತಕರಾರು. ಸೈನ್²ಕ್ಷ ಅಂದ್ರೆ (ಸೈನ್ ಕ್ಷ)², ಗುಣಾಕಾರ. ಸೈನ್⁻¹ಕ್ಷ ಅಂದ್ರೆ ಇನ್ವರ್ಸ್, 1/ಸೈನ್ ಕ್ಷ ಅಲ್ಲ. ಒಂದೇ ಜಾಗದಲ್ಲಿ ಬರೆಯೋ ಘಾತಕ್ಕೆ ಎರಡು ಅರ್ಥ ಯಾಕೆ?

ಲೆಕ್ಕದ_ಮೇಷ್ಟ್ರು
ಎರಡೂ ರೂಢಿ ಹಾಗೇ ಉಳಿದುಬಿಟ್ಟಿವೆ, ಗೊಂದಲ ನಿಜ. ಬಿಡಿಸುವಾಗ ಆವರಣ ಹಾಕಿ ಬರೆಯಿರಿ. (ಸೈನ್ ಕ್ಷ)² ನಲ್ಲಿ ಹೊರಗಿನದು ವರ್ಗ, ಅವಕಲನ 2·ಸೈನ್ ಕ್ಷ·ಕಾಸ್ ಕ್ಷ. ಸೈನ್(ಕ್ಷ²) ನಲ್ಲಿ ಹೊರಗಿನದು ಸೈನ್, ಅವಕಲನ 2ಕ್ಷ·ಕಾಸ್(ಕ್ಷ²). ಚೈನ್ ರೂಲ್ (ಕಾಂಪೋಸಿಷನ್‌ಗೆ ಅವಕಲನ ತೆಗೆಯುವ ನಿಯಮ) ತಪ್ಪೋದು ಬಹುಪಾಲು ಅವಕಲನ ಗೊತ್ತಿಲ್ಲದೆ ಅಲ್ಲ, ಯಾವುದು ಒಳಗೆ ಯಾವುದು ಹೊರಗೆ ಅನ್ನೋದನ್ನ ಗುರುತಿಸದೆ.

ಸಿಇಟಿ_ತಯಾರಿ
ಫ(ಕ್ಷ) = 1/(1 − ಕ್ಷ) ಕೊಟ್ಟು, ಅದನ್ನೇ 2024 ಸಲ ಒಂದರೊಳಗೆ ಒಂದಿಟ್ಟರೆ ಏನು ಅಂತ ಕೇಳಿದ್ರೆ?

ಶೂನ್ಯಬಿಂದು
ಮೂರು ಹೆಜ್ಜೆ ಬರೆದು ನೋಡಿ. ಎರಡನೇ ಸಲ: 1/(1 − 1/(1 − ಕ್ಷ)) = (ಕ್ಷ − 1)/ಕ್ಷ. ಮೂರನೇ ಸಲ: 1/(1 − (ಕ್ಷ − 1)/ಕ್ಷ) = ಕ್ಷ. ಮೂರು ಸಲಕ್ಕೊಮ್ಮೆ ಮೊದಲಿನ ಜಾಗಕ್ಕೆ ಬರುತ್ತೆ. 2024 ಅನ್ನು 3ರಿಂದ ಭಾಗಿಸಿದರೆ ಶೇಷ 2, ಹಾಗಾಗಿ ಉತ್ತರ (ಕ್ಷ − 1)/ಕ್ಷ, ಕ್ಷ ≠ 0, ಕ್ಷ ≠ 1. ಸೂತ್ರದಲ್ಲಿ 1 ನಿಷಿದ್ಧ ಅಂತ ಕಾಣಲ್ಲ, ಆದರೆ ಮೊದಲ ಹೆಜ್ಜೆಯಲ್ಲೇ ಅದು ನಿಂತುಹೋಗುತ್ತೆ.

ಮಲೆನಾಡ_ಹುಡುಗಿ
ಹಾಗಾದ್ರೆ ಫ(ಕ್ಷ) = (4ಕ್ಷ + 3)/(6ಕ್ಷ − 4) ಲೆಕ್ಕದಲ್ಲೂ ಫ∘ಫ = ಕ್ಷ ಬರುತ್ತೆ, ಆದ್ರೆ ಕ್ಷ ≠ 2/3 ಅಂತ ಬರೀಲೇಬೇಕು. ಎರಡನೇ ಷರತ್ತಿಗೆ ಫ(ಕ್ಷ) = 2/3 ಇಟ್ಟು ನೋಡ್ದೆ: 12ಕ್ಷ + 9 = 12ಕ್ಷ − 8, ಸಾಧ್ಯವೇ ಇಲ್ಲ. ಅಂದ್ರೆ ಇನ್ಯಾವ ಕ್ಷ ಕೂಡ ಹೋಗಲ್ಲ ಅಲ್ವಾ?

ಲೆಕ್ಕದ_ಮೇಷ್ಟ್ರು
ಹೌದು, ಅದೊಂದೇ. ಅಂಶದಲ್ಲಿ 4(4ಕ್ಷ + 3) + 3(6ಕ್ಷ − 4) = 34ಕ್ಷ, ಛೇದದಲ್ಲಿ 34, ಹಾಗಾಗಿ ಕ್ಷ. ಗ್ರಾಫ್ ಬರೆದರೆ ಯ = ಕ್ಷ ರೇಖೆ, (2/3, 2/3) ಬಿಂದು ಖಾಲಿ. ಉತ್ತರದಲ್ಲಿ ಫ⁻¹ = ಫ ಅಂತಲೂ ಬರೆದು, ಡೊಮೇನ್ ಮತ್ತು ರೇಂಜ್ ಎರಡರಿಂದಲೂ 2/3 ತೆಗೆದಿದ್ದೀನಿ ಅಂತ ಒಂದು ಸಾಲು ಸೇರಿಸು.